‘ಜೋಡಿಸೋದಷ್ಟೇ ಬಾಕಿ ಸಾರ್’

ಹಳೇ ಗಾಡಿ ಕೊಳ್ಳುವವರು ಒಮ್ಮೊಮ್ಮೆ ನನ್ನನ್ನೂ ಜೊತೆಗೆ ಕರೆದೊಯ್ಯುತ್ತಾರೆ. ಕಳೆದ ಮಳೆಗಾಲ ಮುಗಿದ ಮೇಲೆ ಮೂಡಿಗೆರೆ ಕಡೆಯ ಒಂದು ತೋಟಕ್ಕೆ ಹಾಗೇ ಹೋಗಿದ್ದೆ. ಗೋಡೌನಿನಲ್ಲಿ ಕಾಫಿ ಮೂಟೆಗಳ ಪಕ್ಕ, ಸೈಜುಗಲ್ಲುಗಳ ಮೇಲೆ ಎಂಜಿಬಿ ಅನ್ನೋ ಹಳೇ ಇಂಗ್ಲಿಷ್ ಸ್ಪೋರ್ಟ್ಸ್ ಕಾರಿನ ಬಾಡಿ. ಹೊಸ ಕೆಂಪು ಬಣ್ಣ ಫಳಫಳ ಅನ್ನುತ್ತಿತ್ತು. ಎಂಜಿನ್ ಒಂದು ಮೂಲೆಯಲ್ಲಿ, ಬಾಗಿಲುಗಳು ಇನ್ನೊಂದು ಮೂಲೆಯಲ್ಲಿ, ಮಿಕ್ಕಿದ್ದೆಲ್ಲ ಹನ್ನೊಂದು ರಟ್ಟಿನ ಪೆಟ್ಟಿಗೆಗಳಲ್ಲಿ. ‘ಎಲ್ಲಾ ಆಗಿದೆ, ಜೋಡಿಸೋದಷ್ಟೇ ಬಾಕಿ ಸಾರ್’ ಅಂದರು ಮಾರುವವರು. ನನ್ನನ್ನು ಕರೆತಂದವರು ಬಣ್ಣ ನೋಡಿ ಆಗಲೇ ಅರ್ಧ ಸೋತಿದ್ದರು. ನಾನು ಬಗ್ಗಿ ಬಾಗಿಲ ಕೆಳಗಿನ ಸಿಲ್ ತಟ್ಟಿದೆ.

1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ತಯಾರಾದ ಈ ಗಾಡಿಗೆ ಬೇರೆ ಚಾಸಿ, ಅಂದರೆ ಬಾಡಿಯ ಅಡಿಗೆ ಪ್ರತ್ಯೇಕ ಚೌಕಟ್ಟು, ಇಲ್ಲ. ಬಾಡಿಯೇ ಎಲ್ಲ ಭಾರ ಹೊರಬೇಕು. ತೆರೆದ ಗಾಡಿಯಾದ್ದರಿಂದ ಮೇಲೆ ತಗಡಿನ ಆಸರೆಯೂ ಇಲ್ಲ. ನಡು ಕುಸಿಯದಂತೆ ಹಿಡಿದಿರುವುದು ಮುಖ್ಯವಾಗಿ ಎರಡು ಪಕ್ಕದ ಸಿಲ್‌ಗಳು. ಹೊರಗೆ ಕಾಣುವ ತಗಡಿನ ಹಿಂದೆ ಇನ್ನೂ ಪದರಗಳಿವೆ. ನಮ್ಮ ಮಲೆನಾಡಿನ ಥಂಡಿಗೆ ತುಕ್ಕು ಶುರುವಾಗುವುದು ಅಲ್ಲೇ, ಒಳಗಿನಿಂದ. ಅವಸರದವರು ಮೇಲೊಂದು ತಗಡು ಹೊದಿಸಿ, ಪುಟ್ಟಿ ಮೆತ್ತಿ, ಬಣ್ಣ ಹೊಡೆದುಬಿಡುತ್ತಾರೆ. ಅದಕ್ಕೇ ಅರ್ಧಕ್ಕೆ ನಿಂತ ಗಾಡಿಯಲ್ಲಿ ಹೊಸ ಬಣ್ಣ ಕಂಡರೆ ನನಗೆ ಭಯ. ತುಕ್ಕು ಕಾಣುವ ಬರೀ ತಗಡೇ ವಾಸಿ, ಅದು ಸುಳ್ಳು ಹೇಳುವುದಿಲ್ಲ.

ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿದೆ. ಎಡಗಡೆ ಒಂದು ಗೇಣಿನಷ್ಟು ಉದ್ದಕ್ಕೆ ಅದು ಅಂಟಲೇ ಇಲ್ಲ. ‘ಬಾಗಿಲು ಕೂರಿಸಿ ನೋಡೋಣ’ ಅಂದೆ. ಬಣ್ಣಕ್ಕೆ ಗೀರು ಬೀಳುತ್ತೆ ಅಂತ ಅವರು ಹಿಂದೆ ಮುಂದೆ ನೋಡಿದರು, ಆಮೇಲೆ ಒಪ್ಪಿದರು. ಬಾಗಿಲಿನ ಹಿಂದಿನ ಅಂಚಿನಲ್ಲಿ ಮೇಲ್ಗಡೆ ಒಂದು ಕಾಗದವೂ ತೂರುತ್ತಿರಲಿಲ್ಲ, ಕೆಳಗಡೆ ನನ್ನ ಕಿರುಬೆರಳು ಹೋಗುತ್ತಿತ್ತು. ಅಂದರೆ ನಡು ಕುಸಿದಿದೆ. ನನಗೂ ಇದು ಪೆಟ್ಟು ತಿಂದು ಬಂದ ಬುದ್ಧಿ. ಮೊದಲ ಎಂಜಿಬಿಯಲ್ಲಿ ಬಾಗಿಲು ಬಿಚ್ಚಿಟ್ಟು, ಅಡ್ಡ ಆಸರೆ ಕೊಡದೆ, ಎರಡೂ ಸಿಲ್ ಒಟ್ಟಿಗೇ ಕತ್ತರಿಸಿದ್ದೆ. ವೆಲ್ಡಿಂಗ್ ಚೆಂದಾಗಿ ಬಂತು, ಬಾಗಿಲು ಮಾತ್ರ ಕೂರಲಿಲ್ಲ. ಇನ್ನೊಮ್ಮೆ ಕತ್ತರಿಸಬೇಕಾಯಿತು.

ಎಂಜಿನ್ ಬಗ್ಗೆ ಅಷ್ಟು ಚಿಂತೆ ಬೇಡ. ಅಂಬಾಸಿಡರ್‌ನಲ್ಲಿದ್ದ 1489 ಸಿಸಿ ಎಂಜಿನ್ನಿನ ಒಡಹುಟ್ಟು ಇದು, 1798 ಸಿಸಿ. ಎಲ್ಲ ಪಾರ್ಟ್ಸೂ ಅದಲು ಬದಲು ಆಗುವುದಿಲ್ಲ, ಆದರೆ ಹಾಸನದ ಹಳೇ ಮೇಸ್ತ್ರಿಗಳಿಗೆ ಅದರ ಗುಣ ಗೊತ್ತು. 1964ರ ಕೊನೆಯವರೆಗಿನ ಎಂಜಿನ್‌ಗಳ ಕ್ರ್ಯಾಂಕ್‌ಗೆ, ಅಂದರೆ ಒಳಗೆ ತಿರುಗುವ ದಂಡಕ್ಕೆ, ಮೂರು ಮೇನ್ ಬೇರಿಂಗ್, ಆಮೇಲಿನವಕ್ಕೆ ಐದು. ಸಾಮಾನು ತರಿಸುವ ಮುಂಚೆ ಇದನ್ನು ನೋಡಿಕೊಳ್ಳಿ. 1967ರವರೆಗಿನ ಗಾಡಿಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯನ್ನೇ ಕಾರಿನ ತಗಡಿಗೆ ಅರ್ಥಿಂಗ್ ಮಾಡಿರುತ್ತಾರೆ. ನಡುವೆ ಯಾರಾದರೂ ಬದಲಾಯಿಸಿದ್ದಾರಾ ಅಂತ ಕೇಳದೆ ವೈರ್ ಮುಟ್ಟಬೇಡಿ.

ಪೆಟ್ಟಿಗೆ ತೆರೆಯಲು ಅರ್ಧ ದಿನ ಹಿಡಿಯಿತು. ಪೆಟ್ರೋಲಿಗೆ ಗಾಳಿ ಬೆರೆಸುವ ಎಸ್‌ಯು ಕಂಪನಿಯ ಕಾರ್ಬುರೇಟರ್ ಎರಡೂ ಇದ್ದವು, ಆದರೆ ಮೇಲಿನ ಡೋಮ್‌ಗಳೂ ಒಳಗಿನ ಪಿಸ್ಟನ್‌ಗಳೂ ಕಲೆತುಹೋಗಿದ್ದವು. ಅವು ಜೋಡಿ ಜೋಡಿಯಾಗಿ ಹೊಂದಿಸಿದಂಥವು. ಒಂದರ ಪಿಸ್ಟನ್ ಇನ್ನೊಂದರ ಡೋಮ್‌ನಲ್ಲಿ ಸಿಕ್ಕಿಕೊಂಡಿತು, ಬದಲಾಯಿಸಿದ ಮೇಲೆ ಸರಾಗವಾಗಿ ಜಾರಿತು. ವಿಂಡ್‌ಸ್ಕ್ರೀನ್ ಚೌಕಟ್ಟು ಎಲ್ಲೂ ಇರಲಿಲ್ಲ. ಎಂಜಿಬಿಗೆ ಬ್ರಿಟನ್ನಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ಸಿಗುತ್ತದೆ, 1988ರಿಂದ ಇಡೀ ಬಾಡಿಯೇ ಹೊಸದಾಗಿ ತಯಾರಾಗುತ್ತಿದೆ. ಹಡಗಿನ ಬಾಡಿಗೆ, ಕಸ್ಟಮ್ಸ್ ಸುಂಕ ಕೂಡಿಸಿದಾಗಲೇ ನಿಜವಾದ ರೇಟು ತಿಳಿಯುವುದು.

ಇನ್ನು ಕಾಗದಪತ್ರ. ಆರ್‌ಸಿ ಇಲ್ಲದಿದ್ದರೆ ಅಲ್ಲಿಗೇ ನಮಸ್ಕಾರ ಹೇಳಿ ಬನ್ನಿ. ಇದ್ದರೂ ಚಾಸಿ ನಂಬರ್ ಬಾಡಿಯ ಮೇಲಿನದಕ್ಕೆ ತಾಳೆಯಾಗಬೇಕು. 50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ಬಂದ ವಿಂಟೇಜ್ ನಿಯಮದ ಪ್ರಕಾರ ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷಕ್ಕೆ. ಆದರೆ ಆ ಗಾಡಿಯನ್ನು ದಿನಾ ಓಡಿಸುವಂತಿಲ್ಲ. ಈ ತೋಟದ ಗಾಡಿಯ ಆರ್‌ಸಿ ಮಾರುವವರ ತೀರಿಹೋದ ದೊಡ್ಡಪ್ಪನ ಹೆಸರಿನಲ್ಲಿತ್ತು. ವಾರಸುದಾರರ ಸಹಿಗೇ ಎರಡು ತಿಂಗಳು ಹೋಯಿತು.

ಕಾರಿನ ಬಾಡಿಯ ಬೆಲೆ ಸೊನ್ನೆ, ಎಂಜಿನ್ನಿಗೆ ಇಷ್ಟು, ಪೆಟ್ಟಿಗೆಗಳಿಗೆ ಇಷ್ಟು ಅಂತ ಲೆಕ್ಕ ಬರೆದುಕೊಟ್ಟೆ. ಮಾರುವವರಿಗೆ ಮುನಿಸು ಬಂತು, ಕಾಫಿ ಮಾತ್ರ ಕೊಟ್ಟೇ ಕಳಿಸಿದರು. ಕೊನೆಗೆ ವ್ಯಾಪಾರ ಕುದುರಿದ್ದು ನನ್ನ ಲೆಕ್ಕಕ್ಕಿಂತ ತುಸು ಮೇಲೆ.

ಈಗ ಗಾಡಿ ನನ್ನ ಶೆಡ್ಡಿನಲ್ಲಿದೆ. ಬಾಗಿಲ ಜಾಗಕ್ಕೆ ಅಡ್ಡಪೈಪು ವೆಲ್ಡ್ ಮಾಡಿ, ಮೊನ್ನೆ ಎಡಗಡೆಯ ಸಿಲ್ ಒಂದನ್ನೇ ಕತ್ತರಿಸಿದೆವು. ಪುಟ್ಟಿ ನಿಲ್ಲಲಿ ಅಂತ ಯಾರೋ ಒಳಗೆ ತುರುಕಿದ್ದ ಕನ್ನಡ ಪೇಪರಿನ ಹಾಳೆಗಳು ಉಂಡೆಯುಂಡೆಯಾಗಿ ಈಚೆ ಬಂದವು. ಒಂದರಲ್ಲಿ ಕಾಫಿ ಧಾರಣೆ ಇನ್ನೂ ಓದುವ ಹಾಗಿತ್ತು.