ಮುಜುಗರಕ್ಕೂ ಒಂದು ಅಳತೆ: ಎರೊಟೊಫೋಬಿಯಾ ಟಿಪ್ಪಣಿ

ಹತ್ತನೇ ಕ್ಲಾಸಿನ ಸಂತಾನೋತ್ಪತ್ತಿ ಪಾಠ ನೆನಪಿದೆ ಅಲ್ವಾ? ಹೂವು, ಪರಾಗ ಇರುವ ತನಕ ಪಾಠ ಚೆನ್ನಾಗಿ ಸಾಗುತ್ತದೆ. ಮನುಷ್ಯರ ಭಾಗ ಬಂದ ಕೂಡಲೇ ಎಷ್ಟೋ ಕಡೆ "ಇದನ್ನು ಮನೆಯಲ್ಲಿ ಓದಿಕೊಳ್ಳಿ" ಎಂದು ಪುಟ ತಿರುಗುತ್ತದೆ. ಈ ಮುಜುಗರವನ್ನೇ ಅಳೆಯಲು ಹೊರಟವರು ಮನೋವಿಜ್ಞಾನಿಗಳಾದ ಡಾನ್ ಬರ್ನ್ ಮತ್ತು ವಿಲಿಯಂ ಫಿಶರ್.

ಒಂದು ಗೆರೆ ಎಳೆದುಕೊಳ್ಳಿ. ಒಂದು ತುದಿಯಲ್ಲಿ ಎರೊಟೊಫೋಬಿಯಾ: ಲೈಂಗಿಕ ವಿಷಯ ಬಂದರೆ ಅಂಜಿಕೆ, ಅಸಹ್ಯ, ಏನೋ ತಪ್ಪು ಮಾಡಿದ ಭಾವ. ಇನ್ನೊಂದು ತುದಿಯಲ್ಲಿ ಎರೊಟೊಫಿಲಿಯಾ: ಅದೇ ವಿಷಯವನ್ನು ಹಾಯಾಗಿ ತೆಗೆದುಕೊಳ್ಳುವುದು. ಹೆಸರಲ್ಲಿ ಫೋಬಿಯಾ ಇದೆ, ಆದರೆ ಕಾಯಿಲೆಯಲ್ಲ. ನಾನೂ ಮೊದಲು ಇಲ್ಲೇ ಎಡವಿದ್ದು. ಅಳತೆಗೆ 21 ಹೇಳಿಕೆಗಳಿವೆ. ಪ್ರತಿಯೊಂದಕ್ಕೂ ಎಷ್ಟು ಒಪ್ಪುತ್ತೀರಿ ಎಂದು 7 ಹಂತಗಳಲ್ಲಿ ಗುರುತು ಹಾಕಬೇಕು. ಎಷ್ಟು ಗೊತ್ತು ಎಂದು ಅದು ಕೇಳುವುದಿಲ್ಲ, ಹೇಗನ್ನಿಸುತ್ತದೆ ಎಂದು ಕೇಳುತ್ತದೆ.

ಈ ಮುಜುಗರ ಆರೋಗ್ಯ ಶಿಕ್ಷಣಕ್ಕೆ ಹೇಗೆ ಅಡ್ಡ ಬರುತ್ತದೆ? ಕಾಂಡೋಮ್ ಕರಪತ್ರ ಕೈಗೆ ಬಂತು ಎನ್ನಿ. ಅದನ್ನು ಓದಬೇಕು. "ನನಗೂ ಇದು ಬೇಕಾದೀತು" ಎಂದು ಮೊದಲೇ ಒಪ್ಪಿಕೊಳ್ಳಬೇಕು. ಸಂಗಾತಿ ಜೊತೆ ಮಾತಾಡಬೇಕು. ಮೆಡಿಕಲ್ ಶಾಪ್‌ನಲ್ಲಿ ಬಾಯಿ ಬಿಟ್ಟು ಕೇಳಬೇಕು. ಕೊನೆಗೆ ಬಳಸಬೇಕು. ಮುಜುಗರ ಪ್ರತಿ ಮೆಟ್ಟಿಲಲ್ಲೂ ಕಾಲೆಳೆಯುತ್ತದೆ. ಎರಡನೆಯದೇ ಕಷ್ಟದ್ದು ಎಂದು ನನ್ನ ಲೆಕ್ಕ. ಸಿದ್ಧತೆ ಮಾಡಿಕೊಂಡರೆ ಆಸೆ ಇದೆ ಎಂದು ಒಪ್ಪಿದಂತಾಗುತ್ತದೆ! ಹಾಗಾಗಿ ಲೈಂಗಿಕತೆ ಬೇಡ ಎನ್ನದೆ, ಸಿದ್ಧತೆ ಮಾತ್ರ ಬೇಡ ಎನ್ನುವವರು ಸಿಗುತ್ತಾರೆ.

ಇನ್ನೊಂದು ತಿರುವಿದೆ. ನಮಗಾದ ಇರುಸುಮುರುಸನ್ನು ನಾವು ಪುಸ್ತಕದ ತಲೆಗೆ ಕಟ್ಟುತ್ತೇವೆ. "ನನಗೆ ನಾಚಿಕೆಯಾಯಿತು" ಎನ್ನುವುದಿಲ್ಲ, "ಚಿತ್ರ ಅಶ್ಲೀಲ" ಎನ್ನುತ್ತೇವೆ. 2007ರಲ್ಲಿ ಕೇಂದ್ರದ ಹದಿಹರೆಯದ ಶಿಕ್ಷಣ ಕಾರ್ಯಕ್ರಮಕ್ಕೆ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ತಡೆ ಹಾಕಿದವು. ಎಚ್‌ಐವಿ ಹರಡದಂತೆ ನೋಡಿಕೊಳ್ಳುವುದು ಆ ಕಾರ್ಯಕ್ರಮದ ದೊಡ್ಡ ಉದ್ದೇಶ. ಗದ್ದಲ ಜಾಸ್ತಿ ಆದದ್ದು ಅದರ ಫ್ಲಿಪ್‌ಚಾರ್ಟಿನಲ್ಲಿದ್ದ (ಹಾಳೆ ಮಗುಚಿ ತೋರಿಸುವ ಚಾರ್ಟು) ದೇಹದ ಚಿತ್ರಗಳ ಬಗ್ಗೆ.

ಹಾಗಂತ ವಿರೋಧಿಸಿದವರೆಲ್ಲ ಎರೊಟೊಫೋಬಿಕ್ ಎಂದು ಉತ್ತರ ಬರೆಯಬೇಡಿ. ಈ ಅಳತೆ ಇರುವುದು ಒಬ್ಬೊಬ್ಬ ವ್ಯಕ್ತಿಗೆ, ಸರ್ಕಾರಕ್ಕಲ್ಲ. ಯಾವ ವಯಸ್ಸಿಗೆ ಎಷ್ಟು ಹೇಳಬೇಕು ಎಂಬ ಪ್ರಶ್ನೆಯೂ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಜೊತೆಗೆ, ಆ ಚಾರ್ಟನ್ನು ಕ್ಲಾಸಿನಲ್ಲಿ ಬಿಡಿಸಿ ತೋರಿಸಬೇಕಾದ ಮೇಷ್ಟ್ರೂ ಇದೇ ಗೆರೆಯ ಮೇಲೆ ಎಲ್ಲೋ ಒಂದು ಕಡೆ ನಿಂತಿರುತ್ತಾರೆ.