ಪಟ್ಟಿಯ ತಳದಲ್ಲಿ ಓಕ್ಲೆಂಡ್: ಖಾಲಿ ಆಸನಗಳ ಹಿಂದಿನ ಅರ್ಧ ಶತಮಾನ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ 30 ತಂಡಗಳಿವೆ. ಯಾವ ತಂಡದ ಅಂಗಳಕ್ಕೆ ಎಷ್ಟು ಪ್ರೇಕ್ಷಕರು ಬಂದರು ಎಂಬ ಪಟ್ಟಿ ಪ್ರತಿ ವರ್ಷ ಹೊರಬೀಳುತ್ತದೆ. 2022, 2023, 2024 ಈ ಮೂರೂ ವರ್ಷ ಅದರ ತಳದಲ್ಲಿದ್ದದ್ದು ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಅಥ್ಲೆಟಿಕ್ಸ್, ಅಭಿಮಾನಿಗಳ ಬಾಯಲ್ಲಿ ಏಸ್. ತಂಡ ಊರು ಬಿಟ್ಟು ಹೊರಟಾಗ ಎಲ್ಲರ ಕೈಯಲ್ಲೂ ಇದೇ ಪಟ್ಟಿಯಿತ್ತು. ಓಕ್ಲೆಂಡ್‌ನ ಜನರಿಗೆ ಬೇಸ್‌ಬಾಲ್ ಬೇಡವಾಗಿದೆ, ತಂಡ ಹೋಗದೆ ಇನ್ನೇನು ಮಾಡೀತು ಎಂದು ಹೇಳಿದವರು ಬಹಳ. ಏಸ್ ತಂಡವನ್ನು ಮೆಚ್ಚಿಕೊಂಡವರಿಗೆ ಈ ಮಾತು ಎಷ್ಟು ನೋವು ಕೊಡುತ್ತದೆಂದು ಬಲ್ಲೆ, ನಾನೂ ಅವರಲ್ಲೊಬ್ಬ. ಅಂಕಿಗಳು ಸುಳ್ಳಲ್ಲ. ಆದರೆ ಅವು ಹುಟ್ಟಿದ ಬಗೆಯನ್ನು ನೋಡದೆ ಊರಿನ ಮೇಲೆ ತೀರ್ಪು ಕೊಡುವುದು ಸರಿಯಲ್ಲ.

1901ರಲ್ಲಿ ಫಿಲಡೆಲ್ಫಿಯಾದಲ್ಲಿ ಆಟ ಆರಂಭಿಸಿದ ಈ ತಂಡ 1955ರಲ್ಲಿ ಕಾನ್ಸಾಸ್ ಸಿಟಿಗೆ, 1968ರಲ್ಲಿ ಓಕ್ಲೆಂಡ್‌ಗೆ ಬಂತು. 1972, 73, 74ರಲ್ಲಿ ಸತತ ಮೂರು ಸಲ ವರ್ಲ್ಡ್ ಸೀರೀಸ್, ಅಂದರೆ ಲೀಗ್‌ನ ಅಂತಿಮ ಸರಣಿ, ಗೆದ್ದಿತು. ಆಮೇಲೆ ತಾರಾ ಆಟಗಾರರು ಒಬ್ಬೊಬ್ಬರಾಗಿ ಕೈಬಿಟ್ಟುಹೋದರು, ತಂಡ ಬಡವಾಯಿತು. 1979ರ ಇಡೀ ಋತುವಿನಲ್ಲಿ ಬಂದವರು 3,06,763 ಮಂದಿ. ಏಪ್ರಿಲ್‌ನ ಒಂದು ಸಂಜೆ ಟಿಕೆಟ್ ಕೊಂಡವರು ಬರೀ 653. ಊರಿಗೆ ಆಸಕ್ತಿಯಿಲ್ಲ ಎಂಬ ಮಾತು ಆಗಲೂ ಕೇಳಿಬಂದಿತ್ತು.

1980ರಲ್ಲಿ ಲೀವೈಸ್ ಜೀನ್ಸ್ ಕಂಪನಿಯ ಹಾಸ್ ಕುಟುಂಬ ತಂಡವನ್ನು ಕೊಂಡಿತು. ಆ ಕುಟುಂಬ ಆಟಗಾರರಿಗೆ ಹಣ ಹಾಕಿತು, ಊರಿನೊಂದಿಗೆ ಬೆರೆಯಿತು. ಓಕ್ಲೆಂಡ್‌ನಲ್ಲೇ ಬೆಳೆದ ರಿಕಿ ಹೆಂಡರ್ಸನ್ ಬೇಸ್ ಕದಿಯುವುದನ್ನು, ಅಂದರೆ ಎದುರಾಳಿಯ ಕಣ್ಣು ತಪ್ಪಿಸಿ ಮುಂದಿನ ಬೇಸ್‌ಗೆ ಓಡುವುದನ್ನು, ನೋಡಲು ಜನ ಮುಗಿಬಿದ್ದರು. 1989ರಲ್ಲಿ, ಭೂಕಂಪ ತಡೆದು ನಿಲ್ಲಿಸಿದ ಸರಣಿಯಲ್ಲಿ, ಕೊಲ್ಲಿಯಾಚೆಯ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡವನ್ನು ಸೋಲಿಸಿ ಏಸ್ ಮತ್ತೆ ವರ್ಲ್ಡ್ ಸೀರೀಸ್ ಗೆದ್ದಿತು. ಮರುವರ್ಷ ಅಂಗಳಕ್ಕೆ ಬಂದವರು 29 ಲಕ್ಷ. ಊರು ಅದೇ, ಕ್ರೀಡಾಂಗಣ ಅದೇ. ಹನ್ನೊಂದು ವರ್ಷದಲ್ಲಿ ಪ್ರೇಕ್ಷಕರು ಒಂಬತ್ತು ಪಟ್ಟಿಗಿಂತ ಹೆಚ್ಚಾಗಿದ್ದರು.

ಮುಂದಿನ ಗೋಜಲಿನ ಬೇರು ಈ ಒಳ್ಳೆಯ ಕಾಲದಲ್ಲೇ ಇದೆ. ಜೈಂಟ್ಸ್ ಆಗ ಹೊಸ ಕ್ರೀಡಾಂಗಣಕ್ಕಾಗಿ ಪರದಾಡುತ್ತಿತ್ತು. ಅದು ಸ್ಯಾನ್ ಹೋಸೆ ಕಡೆಗೆ ಹೋಗುವುದಾದರೆ ತಮ್ಮ ಅಡ್ಡಿಯಿಲ್ಲ ಎಂದು ಹಾಸ್ ಕುಟುಂಬ ಹಣ ಕೇಳದೆ ಒಪ್ಪಿಗೆ ಕೊಟ್ಟಿತು. ಮತದಾರರು ಕ್ರೀಡಾಂಗಣದ ಪ್ರಸ್ತಾವವನ್ನು ತಿರಸ್ಕರಿಸಿದರು, ಜೈಂಟ್ಸ್ ಸ್ಯಾನ್ ಫ್ರಾನ್ಸಿಸ್ಕೊದಲ್ಲೇ ಉಳಿಯಿತು. ಆದರೆ ಸ್ಯಾನ್ ಹೋಸೆ ಪ್ರದೇಶದ ಹಕ್ಕು, ಅಂದರೆ ಬೇರೆ ತಂಡ ಅಲ್ಲಿ ನೆಲೆಸದಂತೆ ತಡೆಯುವ ಅಧಿಕಾರ, ಅದರ ಬಳಿಯೇ ಉಳಿದುಬಿಟ್ಟಿತು. ಕಾಲಾನಂತರ ಏಸ್ ಅಲ್ಲಿಗೆ ಹೋಗಬಯಸಿದಾಗ ಬಾಗಿಲು ತೆರೆಯಲಿಲ್ಲ. ಸ್ಯಾನ್ ಹೋಸೆ ನಗರಾಡಳಿತ 2013ರಲ್ಲಿ ಲೀಗ್ ಮೇಲೆ ಹೂಡಿದ ದಾವೆಯೂ ನಿಲ್ಲಲಿಲ್ಲ. ಏಕೆಂದರೆ ಏಕಸ್ವಾಮ್ಯ ವಿರೋಧಿ ಕಾನೂನಿನಿಂದ ಬೇಸ್‌ಬಾಲ್‌ಗೆ 1922ರಿಂದಲೂ ವಿನಾಯಿತಿ ಇದೆ. ಈ ದಾವೆಗೂ ಮುಂಚೆ ಸ್ಯಾನ್ ಹೋಸೆ ಬಳಿಯ ಫ್ರೀಮಾಂಟ್‌ನಲ್ಲಿ ಕ್ರೀಡಾಂಗಣ ಕಟ್ಟುವ ಯೋಜನೆಯೊಂದಿತ್ತು. ಅದನ್ನು 2009ರಲ್ಲಿ ಕೈಬಿಡಲಾಯಿತು. ಕನ್ನಡದ ಕುಟುಂಬಗಳು ನೆಲೆಸಿರುವ ಊರುಗಳು ಇವು. ಅಲ್ಲಿನ ಮಕ್ಕಳಿಗೆ ಮನೆಯ ಹತ್ತಿರವೇ ಒಂದು ತಂಡ ಸಿಗುವ ಅವಕಾಶ ಎರಡು ಸಲ ತಪ್ಪಿತು.

ಹಳೆಯ ಕ್ರೀಡಾಂಗಣದ ಗತಿಯೂ ಕೆಡುತ್ತ ಬಂತು. ತೊಂಬತ್ತರ ದಶಕದ ನಡುವೆ ಫುಟ್‌ಬಾಲ್ ತಂಡಕ್ಕಾಗಿ ಎಬ್ಬಿಸಿದ ಭಾರೀ ಕಾಂಕ್ರೀಟ್ ಗ್ಯಾಲರಿ ಓಕ್ಲೆಂಡ್ ಬೆಟ್ಟಗಳ ನೋಟವನ್ನೇ ಮುಚ್ಚಿತು. 2002ರಲ್ಲಿ ಅಲ್ಪ ವೇತನದ ತಂಡ ಸತತ 20 ಪಂದ್ಯ ಗೆದ್ದು ಇಡೀ ದೇಶವನ್ನು ಬೆರಗುಗೊಳಿಸಿದಾಗ ಅದೇ ಅಂಗಳಕ್ಕೆ 21 ಲಕ್ಷಕ್ಕೂ ಹೆಚ್ಚು ಜನ ಬಂದಿದ್ದರು. ಇದಾಗಿ ನಾಲ್ಕು ವರ್ಷಕ್ಕೆ ಮೇಲಂತಸ್ತಿನ ಆಸನಗಳ ಮೇಲೆ ಟಾರ್ಪಾಲು ಹೊದಿಸಲಾಯಿತು. 2013ರಲ್ಲಿ ಕೊಳಚೆ ನೀರು ಆಟಗಾರರ ಕೋಣೆಗಳಿಗೇ ನುಗ್ಗಿತು.

ಪಟ್ಟಿಯ ತಳಕ್ಕೆ ತಂಡ ಜಾರಿದ್ದು ಇದೆಲ್ಲದರ ನಂತರ, ಮೂರೇ ವರ್ಷಗಳ ಅವಧಿಯಲ್ಲಿ. ಈ ಅವಧಿಯನ್ನು ನಿಧಾನವಾಗಿ ನೋಡಬೇಕು. 2019ರಲ್ಲಿ ಏಸ್ 97 ಪಂದ್ಯ ಗೆದ್ದಿತ್ತು, 16 ಲಕ್ಷಕ್ಕೂ ಹೆಚ್ಚು ಜನ ಬಂದಿದ್ದರು. ಬಂದರಿನ ದಡದಲ್ಲಿ ಹೊಸ ಕ್ರೀಡಾಂಗಣ ಕಟ್ಟುವ ಮಾತುಕತೆ ನಗರಾಡಳಿತದೊಂದಿಗೆ ನಡೆದಿತ್ತು. 2021ರ ಮೇ ತಿಂಗಳಲ್ಲಿ ಬೇರೆ ಊರು ಹುಡುಕಲು ತಂಡಕ್ಕೆ ಲೀಗ್‌ನಿಂದ ಹಸಿರು ನಿಶಾನೆ ಸಿಕ್ಕಿತು. 2022ರ ಋತುವಿಗೆ ಸೀಸನ್ ಟಿಕೆಟ್ ದರ ಏರಿತು, ಕೆಲವು ಆಸನಗಳಿಗೆ ದುಪ್ಪಟ್ಟಾಯಿತು. ಅದೇ ವಸಂತದಲ್ಲಿ ತಂಡದ ತಾರೆಗಳಾದ ಮ್ಯಾಟ್ ಓಲ್ಸನ್, ಮ್ಯಾಟ್ ಚಾಪ್‌ಮನ್, ಕ್ರಿಸ್ ಬ್ಯಾಸಿಟ್, ಶಾನ್ ಮನಾಯಾ ನಾಲ್ವರನ್ನೂ ಬೇರೆ ತಂಡಗಳಿಗೆ ಕೊಡಲಾಯಿತು. ಮಕ್ಕಳು ಯಾರ ಹೆಸರಿನ ಅಂಗಿ ತೊಟ್ಟು ಬರುತ್ತಿದ್ದರೋ ಅವರೇ ಇಲ್ಲ, ಟಿಕೆಟ್ ಮಾತ್ರ ದುಬಾರಿ. ಆ ವರ್ಷ ಬಂದವರು 7,87,902, ಲೀಗ್‌ನಲ್ಲೇ ಕನಿಷ್ಠ. ಹೀಗಿದ್ದೂ ಅಷ್ಟು ಜನ ಬಂದರಲ್ಲ ಎಂದು ನನಗೆ ಅಚ್ಚರಿ.

2023ರ ಏಪ್ರಿಲ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಜಾಗ ನೋಡಿರುವ ಸುದ್ದಿ ಬಂತು. ಮೇ ತಿಂಗಳ ಒಂದು ಪಂದ್ಯಕ್ಕೆ ಲೆಕ್ಕಕ್ಕೆ ಸಿಕ್ಕವರು 2,064 ಮಂದಿ. ಆಗ ಅಭಿಮಾನಿಗಳು ಬಹಿಷ್ಕಾರವನ್ನೇ ತಿರುಗಿಸಿ ಹಿಡಿದರು: ದೂರ ಉಳಿಯುವುದಕ್ಕೆ ಬದಲು ಒಂದೇ ದಿನ ಎಲ್ಲರೂ ಬರೋಣ ಎಂದು ಜೂನ್ 13ನ್ನು ಗೊತ್ತುಮಾಡಿದರು. ಸಾಧಾರಣ ಮಂಗಳವಾರ, ಲೀಗ್‌ನ ಅತಿ ಕಳಪೆ ಸಾಲಿನಲ್ಲಿದ್ದ ತಂಡ. ಬಂದವರು 27,759. ತಂಡವನ್ನು ಮಾರಿಬಿಡಿ ಎಂದು ಸಾರುವ ‘ಸೆಲ್’ ಎಂಬ ಒಂದೇ ಪದ ಅಚ್ಚಾದ ಹಸಿರು ಅಂಗಿಗಳನ್ನು ಅಭಿಮಾನಿಗಳೇ ಸಾವಿರಗಟ್ಟಲೆ ಹಂಚಿದರು. ಬಲಗಡೆಯ ಗ್ಯಾಲರಿಯಲ್ಲಿ ಡ್ರಮ್‌ಗಳು ಮೊಳಗಿದವು. ಏಸ್ 2–1ರಿಂದ ಗೆದ್ದಿತು, ಅದು ಸತತ ಏಳನೆಯ ಗೆಲುವು. ಅಂದೇ ನೆವಾಡ ರಾಜ್ಯದ ಸೆನೆಟ್ ಹೊಸ ಕ್ರೀಡಾಂಗಣಕ್ಕೆ 38 ಕೋಟಿ ಡಾಲರ್‌ವರೆಗಿನ ಸಾರ್ವಜನಿಕ ಹಣ ಕೊಡುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ನವೆಂಬರ್‌ನಲ್ಲಿ 30 ತಂಡಗಳ ಮಾಲೀಕರೂ ಒಮ್ಮತದಿಂದ ವಲಸೆಗೆ ಮತ ಹಾಕಿದರು.

2024ರ ಸೆಪ್ಟೆಂಬರ್ 26ರಂದು ಓಕ್ಲೆಂಡ್‌ನ ಕೊನೆಯ ಪಂದ್ಯಕ್ಕೆ 46,889 ಜನ ಬಂದರು. ಬೇಡವಾದ ತಂಡವನ್ನು ಬೀಳ್ಕೊಡಲು ಯಾರೂ ಹೀಗೆ ಬರುವುದಿಲ್ಲ.

ವೇಗಸ್ ಕ್ರೀಡಾಂಗಣ ಸಿದ್ಧವಾಗುವವರೆಗೆ ತಂಡ ಈಗ ವೆಸ್ಟ್ ಸ್ಯಾಕ್ರಮೆಂಟೊದಲ್ಲಿ, ಕೆಳದರ್ಜೆಯ ಲೀಗ್‌ಗೆಂದು ಕಟ್ಟಿದ ಅಂಗಳದಲ್ಲಿ ಆಡುತ್ತಿದೆ. ಅಲ್ಲಿ ಹಿಡಿಸುವುದು ಸುಮಾರು 14,000 ಮಂದಿ. ತವರಿನ 81 ಪಂದ್ಯಗಳೂ ತುಂಬಿ ತುಳುಕಿದರೂ ಮೊತ್ತ 11 ಲಕ್ಷದ ಆಸುಪಾಸಿನಲ್ಲಿ ನಿಲ್ಲುತ್ತದೆ. ಪಟ್ಟಿಯಲ್ಲಿ ಮಾತ್ರ ಈ ತಂಡವನ್ನು ಮೂರು ಪಟ್ಟು ದೊಡ್ಡ ಕ್ರೀಡಾಂಗಣಗಳ ಪಕ್ಕದಲ್ಲೇ ಇಟ್ಟು ಎಣಿಸಲಾಗುತ್ತಿದೆ.