ಪುರಾಣಪುರುಷರ ಹೆಸರಿನಲ್ಲಿ ಗ್ರಂಥಗಳು: ಪ್ರಾಚೀನ ಚೀನಾದ ಹುಟ್ಟುಕಥೆಗಳು ಮತ್ತು ಅವುಗಳ ಮೇಲಿನ ಸಂಶಯ

ಪ್ರಾಚೀನ ಚೀನಾದ ಹಿರಿಯ ಗ್ರಂಥಗಳಲ್ಲಿ ಅನೇಕವಕ್ಕೆ ಸಂಪ್ರದಾಯವು ಸಾಮಾನ್ಯ ಮನುಷ್ಯರನ್ನು ಕರ್ತೃಗಳೆಂದು ಒಪ್ಪಿಲ್ಲ. ಶಕುನ ನೋಡುವ ಗ್ರಂಥವಾದ 'ಯೀ ಜಿಂಗ್'ನ ಎಂಟು ರೇಖಾಕೃತಿಗಳನ್ನು ಫೂ ಶೀ ಎಂಬ ಆದಿಪುರುಷನು ಆಕಾಶ ಮತ್ತು ಭೂಮಿಯ ಗುರುತುಗಳನ್ನು ಗಮನಿಸಿ ಕಂಡುಕೊಂಡನೆಂದೂ, ಶಾಂಗ್ ದೊರೆಯ ಸೆರೆಯಲ್ಲಿದ್ದ ವೆನ್ ರಾಜನು ಅವನ್ನು 64ಕ್ಕೆ ಬೆಳೆಸಿದನೆಂದೂ, ಕನ್‌ಫ್ಯೂಷಿಯಸ್ ಅದಕ್ಕೆ 'ಹತ್ತು ರೆಕ್ಕೆ'ಗಳೆಂಬ ವ್ಯಾಖ್ಯಾನಗಳನ್ನು ಬರೆದನೆಂದೂ ನಂಬಿಕೆ. ವೈದ್ಯಗ್ರಂಥವೊಂದು ಪುರಾಣದ ಆದಿರಾಜನಾದ ಹಳದಿ ಚಕ್ರವರ್ತಿಯ ಹೆಸರಿನಲ್ಲಿದ್ದರೆ, ಮೂಲಿಕೆಗಳ ಗ್ರಂಥವು ಬೇಸಾಯ ಕಲಿಸಿದನೆನ್ನುವ ಪುರಾಣಪುರುಷ ಶೆನ್ ನಾಂಗ್‌ನ ಹೆಸರಿನಲ್ಲಿದೆ. ಲಿಪಿಗೂ ಇಂಥದೇ ಕಥೆಯಿದೆ: ನಾಲ್ಕು ಕಣ್ಣಿನ ಚಾಂಗ್ ಜಿಯೆ ಅಕ್ಷರಗಳನ್ನು ರೂಪಿಸಿದಾಗ ಆಕಾಶದಿಂದ ಧಾನ್ಯ ಸುರಿಯಿತು, ಇರುಳಿನಲ್ಲಿ ಪ್ರೇತಗಳು ಗೋಳಿಟ್ಟವು.

ನಮ್ಮಲ್ಲಿ ಹದಿನೆಂಟು ಪುರಾಣಗಳೂ ವ್ಯಾಸರ ಹೆಸರಿಗೆ ಸೇರಿಕೊಂಡಂತೆ, ಅಲ್ಲಿಯೂ ಹೆಸರು ಎಂದರೆ ಅಧಿಕಾರ. ಆದರೆ ಈ ವ್ಯವಹಾರದ ಅರಿವು ಚೀನೀಯರಿಗೇ ಬಹಳ ಹಿಂದೆ ಇತ್ತೆಂಬುದು ನನಗೆ ಹೆಚ್ಚು ಕುತೂಹಲದ ಸಂಗತಿಯಾಗಿ ಕಾಣುತ್ತದೆ. ಕ್ರಿ.ಪೂ. 139ರಲ್ಲಿ ರಾಜಕುಮಾರ ಲಿಯು ಆನ್ ಹಾನ್ ಚಕ್ರವರ್ತಿಗೆ ಒಪ್ಪಿಸಿದ 'ಹ್ವಾಯ್‌ನಾನ್‌ಜ಼ಿ'ಯಲ್ಲಿಯೇ, ಜನ ಹಳೆಯದನ್ನು ಗೌರವಿಸಿ ಈಗಿನದನ್ನು ಕಡೆಗಣಿಸುವುದರಿಂದ ತತ್ತ್ವ ಹೇಳುವವರು ಶೆನ್ ನಾಂಗ್ ಮತ್ತು ಹಳದಿ ಚಕ್ರವರ್ತಿಯ ಹೆಸರನ್ನು ಮುಂದಿಟ್ಟುಕೊಂಡೇ ಮಾತಿಗೆ ಇಳಿಯಬೇಕಾಗುತ್ತದೆ ಎಂಬ ಅರ್ಥದ ಮಾತಿದೆ.

ಕ್ರಿ.ಪೂ. 213ರಲ್ಲಿ ಮಂತ್ರಿ ಲೀ ಸೀಯ ಸಲಹೆಯಂತೆ ಚಿನ್ ಆಳ್ವಿಕೆಯು ಪುಸ್ತಕಗಳನ್ನು ಸುಡಿಸಿದ ಮೇಲೆ ಕಥೆಗಳ ಸ್ವರೂಪವೇ ಬದಲಾಯಿತು. ಎಲ್ಲಿಂದ ಹುಟ್ಟಿತು ಎಂಬುದರ ಜಾಗದಲ್ಲಿ ಹೇಗೆ ಉಳಿಯಿತು ಎಂಬ ಪ್ರಶ್ನೆ ಬಂದಿತು. ವಿದ್ವಾಂಸ ಫೂ ಶೆಂಗ್ 'ಶಾಂಗ್ ಶೂ' ಎಂಬ ಇತಿಹಾಸ ಗ್ರಂಥವನ್ನು ಗೋಡೆಯಲ್ಲಿ ಅಡಗಿಸಿಟ್ಟಿದ್ದನೆಂದೂ, ಆಮೇಲೆ ತೆರೆದಾಗ ಅದರಲ್ಲಿ 29 ಅಧ್ಯಾಯಗಳು ಮಾತ್ರ ಸಿಕ್ಕವೆಂದೂ ಇತಿಹಾಸಕಾರ ಸೀಮಾ ಚಿಯಾನ್ ಬರೆದಿದ್ದಾನೆ. ಮುಂದೆ ಲೂ ಪ್ರಾಂತದ ರಾಜನು ಅರಮನೆಯ ವಿಸ್ತರಣೆಗಾಗಿ ಕನ್‌ಫ್ಯೂಷಿಯಸ್‌ನ ಮನೆಯನ್ನು ಕೆಡವಿಸುವಾಗ ಗೋಡೆಯಿಂದ ಹಳೆಯ ಲಿಪಿಯ ಗ್ರಂಥಗಳು ದೊರೆತವೆಂದೂ, ವಾದ್ಯಗಳ ನಾದ ಕೇಳಿಬಂದು ಅವನು ಭಯದಿಂದ ಕೆಲಸ ನಿಲ್ಲಿಸಿದನೆಂದೂ ಇನ್ನೊಂದು ಕಥೆ. ಕ್ರಿ.ಶ. ನಾಲ್ಕನೆಯ ಶತಮಾನದಲ್ಲಿ ಈ ಹಳೆಯ ಲಿಪಿಯ ಪಾಠವೆಂಬ ಹೆಸರಿನಲ್ಲಿ 25 ಅಧಿಕ ಅಧ್ಯಾಯಗಳು ಬಂದು ಸೇರಿಕೊಂಡು ಸಾವಿರಕ್ಕೂ ಹೆಚ್ಚು ವರ್ಷ ಪೂಜೆ ಪಡೆದವು.

ಸಂಶಯ ಒಳಗಿನಿಂದಲೇ ಬಂತು. ಹನ್ನೊಂದನೆಯ ಶತಮಾನದಲ್ಲಿ ವಿದ್ವಾಂಸ ಓಯಾಂಗ್ ಶಿಯು 'ಹತ್ತು ರೆಕ್ಕೆ'ಗಳಲ್ಲಿ ಹಲವು ಕನ್‌ಫ್ಯೂಷಿಯಸ್‌ನವಲ್ಲವೆಂದರೆ, ಹದಿನೇಳನೆಯ ಶತಮಾನದಲ್ಲಿ ಇನ್ನೊಬ್ಬ ವಿದ್ವಾಂಸ ಯಾನ್ ರೂವೋಚೂ ಆ 25 ಅಧ್ಯಾಯಗಳು ಕೃತಕವೆಂದು ಸಾಧಾರವಾಗಿ ವಾದಿಸಿದನು. 1923ರಲ್ಲಿ ಇತಿಹಾಸಕಾರ ಗೂ ಜಿಯೆಗಾಂಗ್ ಇನ್ನೂ ಮುಂದೆ ಹೋಗಿ, ಕಾಲ ಈಚಿನದಾದಷ್ಟೂ ಪುರಾಣಗಳು ಹೇಳುವ ಇತಿಹಾಸ ಹಿಂದಕ್ಕೆ ಸರಿಯುತ್ತದೆ ಎಂದರು: ಕಥೆಗಳಲ್ಲಿ ಮೊದಲು ಬಂದವನು ಯೂ ಎಂಬ ಪುರಾಣದ ದೊರೆ, ಅನಂತರ ಅವನಿಗೂ ಹಿಂದಿನವರೆನ್ನುವ ಯಾವ್ ಮತ್ತು ಶುನ್, ಅದಾದ ಮೇಲೆ ಅವರಿಗೂ ಹಿಂದಿನವನೆನ್ನುವ ಹಳದಿ ಚಕ್ರವರ್ತಿ.

ನೆಲದಡಿಯಿಂದ ಬಂದ ಉತ್ತರ ಒಂದೇ ಕಡೆಗೆ ವಾಲಲಿಲ್ಲ. ಗಡಿಯ ಕಣಿವೆಯಲ್ಲಿ ಕಾವಲು ಅಧಿಕಾರಿಯ ಕೋರಿಕೆಯಂತೆ ತಾವೋ ತತ್ತ್ವದ ಗುರು ಲಾವೋ ಜ಼ಿ ಐದು ಸಾವಿರ ಅಕ್ಷರಗಳ ಗ್ರಂಥ ಬರೆದುಕೊಟ್ಟನೆಂಬ ಕಥೆಯ ಎದುರು, 1993ರಲ್ಲಿ ಗುವೋದಿಯಾನ್ ಸಮಾಧಿಯಲ್ಲಿ ಸಿಕ್ಕ ಬಿದಿರು ಪಟ್ಟಿಗಳಲ್ಲಿ ಆ ಗ್ರಂಥದ ಭಾಗಗಳಷ್ಟೇ ಇದ್ದವು, ಕ್ರಮವೂ ಬೇರೆಯಾಗಿತ್ತು. 2008ರಲ್ಲಿ ಚಿಂಗ್ಹುವಾ ವಿಶ್ವವಿದ್ಯಾಲಯಕ್ಕೆ ಬಂದ, 'ಶಾಂಗ್ ಶೂ'ವಿನ ಪ್ರಾಚೀನ ಪಾಠಗಳೂ ಇದ್ದ ಪಟ್ಟಿಗಳು ಯಾನ್ ರೂವೋಚೂನ ತೀರ್ಮಾನವನ್ನು ಬಲಪಡಿಸಿದವು. ಆದರೆ 1972ರಲ್ಲಿ ಶಾಂಡೋಂಗ್‌ನ ಯಿನ್‌ಚುವೆಶಾನ್‌ನಲ್ಲಿ ಸುನ್ ಜ಼ಿ ಮತ್ತು ಸುನ್ ಬಿನ್ ಇಬ್ಬರ ಯುದ್ಧಶಾಸ್ತ್ರಗಳೂ ಪ್ರತ್ಯೇಕವಾಗಿ ದೊರೆತಾಗ, ಇವೆರಡೂ ಒಂದೇ ಗ್ರಂಥವೆಂದು ಭಾವಿಸಿದ್ದ ಸಂಶಯವಾದಿಗಳೇ ತಮ್ಮ ವಾದವನ್ನು ಕೈಬಿಡಬೇಕಾಯಿತು.